ವಿಮಾ ಕಾಕಾ ಖಾಲಿ ಬಿಟ್ಟ ಪುಟ

ಮೊನ್ನೆ ನಮ್ಮ ಎದುರು ಮನೆಯ ಬಾಲ್ಕನಿಗೆ ಪಾರಿವಾಳದ ಬಲೆ ಕಟ್ಟಲು ಇಬ್ಬರು ಬಂದಿದ್ದರು. ಕಟ್ಟುವ ಮೊದಲು ಹಳೆಯ ಹಿಕ್ಕೆಯನ್ನೆಲ್ಲ ಕೆರೆದು ನೀರು ಹೊಡೆದರು. ಒಣಗಿದ ಹಿಕ್ಕೆ ನೆನೆದಾಗ ಒಂದು ವಾಸನೆ ಏಳುತ್ತದೆ... ಮೂಗಿನಲ್ಲಿ ಹೊಕ್ಕರೆ ಗಂಟಲಲ್ಲಿ ಕೂತುಬಿಡುತ್ತದೆ. ಪುಣೆಯಲ್ಲಿ ಫ್ಲ್ಯಾಟಿನಲ್ಲಿ ಇರುವವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ಬಾಗಿಲು ಹಾಕಿಕೊಂಡು ಒಳಗೆ ಬಂದೆ. ಆದರೆ ಬಾಗಿಲು ಹಾಕುವಷ್ಟರಲ್ಲಿ ವಿಮಾ ಕಾಕಾ ನೆನಪಾಗಿ ಆಗಿತ್ತು.

ಕಾಕಾ ನಮಗೆ ಸಂಬಂಧಿಕರಲ್ಲ. ಗದಗಿನ ಕಡೆಯವರು. ಬಟ್ಟೆ ಅಂಗಡಿಯ ಗುಮಾಸ್ತರಾಗಿ ಪುಣೆಗೆ ಬಂದು, ಆಮೇಲೆ ವಿಮೆ ಏಜೆಂಟರಾಗಿ ಇಲ್ಲೇ ಉಳಿದವರು. ನಮ್ಮ ಕನ್ನಡದವರಲ್ಲಿ ಯಾರು ಅಂಗಡಿ ತೆಗೆದರೂ, ಗೋದಾಮು ಹಿಡಿದರೂ, ಮನೆ ಕೊಂಡರೂ ವಿಮೆ ಮಾಡಿಸಲು ಅವರನ್ನೇ ಕರೆಯುತ್ತಿದ್ದರು. ಜೀವವಿಮೆ ಮಾತ್ರ ಅವರು ಮುಟ್ಟುತ್ತಿರಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, "ಗ್ವಾಡಿ ಸುಳ್ಳು ಹೇಳಂಗಿಲ್ಲ ತಂಗಿ, ಮಂದಿ ಹೇಳ್ತಾರ," ಎಂದು ನಕ್ಕಿದ್ದರು.

ಅವರ ಕೆಲಸದ ರೀತಿಯೇ ಬೇರೆ. ಉಳಿದ ಏಜೆಂಟರು ಸೋಫಾದ ಮೇಲೆ ಕೂತು, ಚಹಾ ಕುಡಿದು, ಗುಣುಗುಣು ಮಾತಾಡಿ ಸಹಿ ಹಾಕಿಸಿಕೊಂಡು ಹೋಗುತ್ತಿದ್ದರು. ಕಾಕಾ ಬಂದ ಕೂಡಲೇ ಚೀಲದಿಂದ ಸ್ಟೀಲಿನ ಬ್ಯಾಟರಿ ತೆಗೆದು ಕೋಣೆ ಕೋಣೆ ತಿರುಗುತ್ತಿದ್ದರು. ಸ್ವಿಚ್ ಬೋರ್ಡಿಗೆ ಅಂಗೈ ಇಟ್ಟು ಬಿಸಿ ಇದೆಯೇ ಎಂದು ನೋಡುತ್ತಿದ್ದರು, ಒಲೆಯ ಕೊಳವೆಯನ್ನು ಬೆರಳಲ್ಲಿ ಮಡಚಿ ನೋಡುತ್ತಿದ್ದರು. ಫಾರ್ಮು ತುಂಬಿ ಮುಗಿಯುವ ತನಕ ಚಹಾ ಮುಟ್ಟುತ್ತಿರಲಿಲ್ಲ. ಚಹಾ ಕುಡಿದ ಮೇಲೆ ಎಲ್ಲರ ಮನೆಯೂ ಛಲೋನೇ ಕಾಣುತ್ತದೆ ಎಂಬುದು ಅವರ ಲೆಕ್ಕ. ಕಣ್ಣಾರೆ ನೋಡದ ಒಂದು ಅಕ್ಷರವನ್ನೂ ಅವರು ಬರೆದದ್ದು ನನಗೆ ಗೊತ್ತಿಲ್ಲ. ಒಂದೇ ಒಂದು ಸಲ ಬಿಟ್ಟು... ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಅತ್ತೆಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಅದರಲ್ಲಿ ಅತ್ತೆಯದು ಪೂರ್ತಿ ತಪ್ಪು ಎನ್ನಲೂ ಬರುವುದಿಲ್ಲ. ಹೊಸ ಮನೆಯ ತೋರಣ ಇನ್ನೂ ಬಾಡಿರುವುದಿಲ್ಲ, ಈ ಮನುಷ್ಯ ಹೊಸ್ತಿಲ ಮೇಲೆ ನಿಂತು ಬೆಂಕಿ ಹತ್ತಿದರೆ ಮುದುಕರನ್ನು ಯಾವ ಕಡೆಯಿಂದ ಹೊತ್ತು ಒಯ್ಯುತ್ತೀರಿ ಎಂದು ಕೇಳುತ್ತಿದ್ದರು. ಕೇಳುವುದು ತೀರ ಮೆಲುದನಿಯಲ್ಲಿ, ಊಟ ಆಯಿತೇ ಎಂದು ಕೇಳಿದಂತೆ. ಅವರು ಮೆಟ್ಟಿಲಿಳಿಯುವುದೇ ತಡ, ಅತ್ತೆ ಮೂಲೆಮೂಲೆಗೆ ಉಪ್ಪುನೀರು ಚಿಮುಕಿಸುತ್ತಿದ್ದರು. ನಾನು ಮತ್ತು ನನ್ನ ಗಂಡ ನಗುತ್ತಿದ್ದೆವು.

ಚಿಂಚವಾಡದಲ್ಲಿ ಎರಡು ಕೋಣೆಯ ಒಂದು ಹಳೆಯ ಫ್ಲ್ಯಾಟನ್ನು ಬಾಡಿಗೆಗೆ ಕೊಡಬೇಕೆಂದೇ ನಾವು ಕೊಂಡೆವು. ಮೂರನೆಯ ಮಹಡಿ. ಸುತ್ತಲೂ ಕಾರ್ಖಾನೆಗಳಿದ್ದುದರಿಂದ ಬಾಡಿಗೆದಾರರಿಗೆ ಬರವಿರಲಿಲ್ಲ. ಹಳೆಯ ಮಾಲೀಕರು ಬಚ್ಚಲಿನಲ್ಲಿ ಒಂದು ಗ್ಯಾಸ್ ಗೀಝರ್ ಬಿಟ್ಟು ಹೋಗಿದ್ದರು. ಬಚ್ಚಲಿನ ಮೇಲ್ಗಡೆ ಪಟ್ಟಿಪಟ್ಟಿ ಗಾಜಿನ ಒಂದು ಗವಾಕ್ಷಿ. ಆ ಗಾಜಿನ ಸಂದಿಯಿಂದ ಪಾರಿವಾಳಗಳು ನುಗ್ಗಿ, ಗೀಝರಿನ ತಲೆಯ ಮೇಲೆಯೇ ಗೂಡು ಕಟ್ಟಿದ್ದವು. ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಕೊನೆಗೆ ನಾನೇ ಗಾಜಿನವನನ್ನು ಕರೆಸಿ, ಪಟ್ಟಿಗಳನ್ನೆಲ್ಲ ಕಿತ್ತುಹಾಕಿ, ಒಂದೇ ಇಡೀ ಗಾಜು ಕೂರಿಸಿ, ಸುತ್ತಲಿನ ಸಂದಿಗೆಲ್ಲ ಪುಟ್ಟಿ ಮೆತ್ತಿಸಿ, ಚೌಕಟ್ಟಿಗೆ ಬಿಳಿ ಬಣ್ಣ ಹೊಡೆಸಿದೆ. ಒಂದು ಗರಿಯೂ ಒಳಗೆ ಬರದಂತೆ ಮಾಡಿದೆ ಎಂದು ವಾರಗಟ್ಟಲೆ ಬೀಗಿದವಳು ನಾನು.

ಬಾಡಿಗೆಗೆ ಕೊಡುವ ಮುಂಚೆ ಅಲ್ಲೊಂದು ಸಣ್ಣ ಪೂಜೆ ಇಟ್ಟುಕೊಂಡಿದ್ದೆವು. ಪೂಜೆ ಮುಗಿದ ಮೇಲೆ ಕಾಕಾ ಬಂದರು. ಖಾಲಿ ಮನೆ. ಚಾಪೆ ಹಾಸಿ ಕೂತು ಕಾಗದಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟರು. ಮನೆಯಲ್ಲಿ ನಾವೇ ಇರುತ್ತೇವೆ ಎಂದು ಬರೆದರೆ ಕಂತು ಕಡಿಮೆ ಬೀಳುತ್ತದೆಂದು ಯಾರೋ ನನ್ನ ಕಿವಿ ಊದಿದ್ದರು. ಹಾಗೆ ಬರೆಯಲು ಬರುತ್ತದೆಯೇ ಎಂದು ಕೇಳಿದೆ. ಕಾಕಾ ಕನ್ನಡಕದ ಮೇಲಿಂದ ನೋಡಿದರು. ಇರುವವರು ಒಬ್ಬರು, ಬರೆಯುವುದು ಇನ್ನೊಬ್ಬರ ಹೆಸರು ಎಂದಾದರೆ, ಬೇಕಾದ ದಿನ ಆ ಕಾಗದ ಚುರುಮುರಿ ಕಟ್ಟುವುದಕ್ಕಷ್ಟೇ ಬರುತ್ತದೆ ಎಂದರು. ಫ್ಲ್ಯಾಟಿಗೆ ಕೊಟ್ಟ ಬೆಲೆಯನ್ನೇ ವಿಮೆಯಲ್ಲಿ ಹಾಕೋಣವೆಂದು ನನ್ನ ಗಂಡ ಹೇಳಿದಾಗ ಅದನ್ನೂ ಒಪ್ಪಲಿಲ್ಲ. ಮತ್ತೆ ಕಟ್ಟಲು ಎಷ್ಟು ಬೇಕೋ ಅಷ್ಟೇ ಹಾಕಬೇಕು, ಜಾಗವೇನು ಸುಡುವುದಿಲ್ಲ ಎಂದರು.

ಆಮೇಲೆ ಒಂದೊಂದೇ ಪುಟದ ಮೇಲೆ ಬೆರಳಿಟ್ಟು ತಿಳಿಸಿದರು.

"ಇದು ಗ್ವಾಡಿದು. ಇದು ಸಾಮಾನಿಂದು. ಮೂರನೇದು, ಏನರ ಆಗಿ ಮನಿಯಾಗ ಇರಾಕ ಬರದಂಗ ಆತು ಅಂದ್ರ, ಆಗ ನಿಲ್ಲೋ ಬಾಡಗಿದು. ನಾಲ್ಕನೇದು ಮಂದಿದು. ನಿಮ್ಮ ಮನಿಯಿಂದ, ನಿಮ್ಮ ಸಾಮಾನಿನಿಂದ, ಇಲ್ಲಿ ಇರಾಕ ಬಂದೋರಿಗೆ ಏನರ ಆದ್ರ ಇದು. ಬಾಡಗಿಗೆ ಕೊಡೋರು ಎಲ್ಲಾರೂ ಮೊದಲಿನ ಮೂರು ತಗೋತಾರ. ಬೇಕಾಗಿದ್ದು ಇದು."

ನಾಲ್ಕನೆಯ ಪುಟ ತುಂಬುವ ಮೊದಲು ಬಚ್ಚಲು ನೋಡಬೇಕೆಂದು ಎದ್ದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಹಳ ಹೊತ್ತು ಹೊರಗೆ ಬರಲಿಲ್ಲ. ನನಗೆ ಯಾಕೋ ಕಸಿವಿಸಿಯಾಯಿತು. ಬಾಗಿಲು ಬಡಿಯಲೇ ಎಂದು ನಾನು ಎದ್ದಾಗ ಅವರೇ ತೆಗೆದರು. ಹಣೆಯ ಮೇಲೆ ಬೆವರಿತ್ತು. ಸ್ಟೂಲು ಕೇಳಿ, ಹತ್ತಿ, ನನ್ನ ಗಾಜನ್ನು ಬೆರಳಿನಿಂದ ತಟ್ಟಿದರು.

"ತಂಗಿ, ಇದನ್ನ ತೆಗೀಬೇಕು. ಗ್ಯಾಸು ಉರಿಯಾಕ ಗಾಳಿ ಬೇಕು. ಒಳಗಿನ ಗಾಳಿ ಅದ ತಿಂದು ಮುಗಸ್ತದ. ಆಮ್ಯಾಲ ಬರೋ ಹೊಗಿಗೆ ಬಣ್ಣಿಲ್ಲ, ವಾಸನಿಲ್ಲ. ಜಳಕ ಮಾಡೋರಿಗೆ ನಿದ್ದಿ ಬಂದಂಗ ಆಗ್ತದ. ಅಷ್ಟ."

ಅಡುಗೆ ಕೋಣೆಯಲ್ಲಿ ಪ್ರಸಾದ ಕಟ್ಟುತ್ತಿದ್ದ ಅತ್ತೆ ಆ ಮಾತಿಗೆ ಹೊರಗೆ ಬಂದರು. ಅವರ ಮುಖ ಕಪ್ಪಿಟ್ಟಿತ್ತು. "ಮನಿಗಿನ್ನೂ ಮಂದಿ ಬಂದಿಲ್ಲ, ದೀಪ ಇನ್ನೂ ಉರೀಲಿಕ್ಕತ್ತದ. ಈಗ ಸಾಯೋ ಮಾತು ಬರದು ಸಹಿ ಮಾಡೋದು ನನಗ ಬ್ಯಾಡ. ಬರದ್ರ ಕರದಂಗ. ಆ ಹಾಳಿ ಮಡಚ್ರಿ," ಎಂದರು.

ಕಾಕಾ ನನ್ನ ಮುಖ ನೋಡಿದರು. ಅತ್ತೆಯ ಮಾತನ್ನು ಮೀರಿ ನಾನೊಂದು ಮಾತು ಆಡಬಹುದಿತ್ತು. ಆದರೆ ನಿಜ ಹೇಳಬೇಕೆಂದರೆ, ಆ ಪುಟ ನನಗೂ ಬೇಡವಾಗಿತ್ತು. ಹೊಸ ಮನೆಯಲ್ಲಿ ಅಂಥ ಮಾತು ನನಗೂ ಸೇರಿರಲಿಲ್ಲ. ಕಾಕಾ ನಾಲ್ಕನೆಯ ಪುಟವನ್ನು ಖಾಲಿಯೇ ಬಿಟ್ಟು, ಮಡಚಿ ಚೀಲಕ್ಕೆ ಹಾಕಿದರು. "ಆತ್ರಿ ವೈನಿ, ಹಾಳಿ ಬಿಡೂಣು," ಎಂದು ಅತ್ತೆಗೆ ಹೇಳಿ, ನನ್ನ ಕಡೆ ತಿರುಗಿದರು. "ಗಾಜು ಬಿಡಬ್ಯಾಡ. ತೆಗಿಸಿ ಫೋನ್ ಮಾಡು. ನಾ ಬಂದು ನೋಡಿ, ಆಮ್ಯಾಲ ಪಾಲಿಸಿ ಕಳಸ್ತೀನಿ." ಅವತ್ತು ಅವರು ಚಹಾ ಕುಡಿಯಲಿಲ್ಲ.

ಗಾಜಿನವನಿಗೆ ಎರಡು ಸಲ ಫೋನ್ ಮಾಡಿದೆ. ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎಂದ. ಆಮೇಲೆ ನಾನೇ ಮಾಡುವುದನ್ನು ಬಿಟ್ಟೆ. ಬೇಸಿಗೆ ಅದು, ಬಿಸಿನೀರು ಯಾರಿಗೆ ಬೇಕು ಎಂದುಕೊಂಡೆ. ಗಾಜು ತೆಗೆದರೆ ಮತ್ತೆ ಪಾರಿವಾಳ, ಮತ್ತೆ ಆ ವಾಸನೆ... ಇಷ್ಟರಲ್ಲಿ ಬಾಡಿಗೆಗೆ ಒಬ್ಬ ಹುಡುಗಿಯೂ ಸಿಕ್ಕಿದಳು. ಒಂದು ಮಧ್ಯಾಹ್ನ ನಾನು ಸಾರಿಗೆ ಒಗ್ಗರಣೆ ಇಟ್ಟಿದ್ದಾಗ ಕಾಕಾ ಫೋನ್ ಮಾಡಿದರು. ಗಾಜು ತೆಗೆಸಿದೆಯಾ ಎಂದು ಕೇಳಿದರು. ಸಾಸಿವೆ ಸಿಡಿಯುತ್ತಿತ್ತು. ನಾನು, "ತೆಗಿಸೀನ್ರಿ ಕಾಕಾ," ಎಂದೆ.

"ನಾ ಬಂದು ನೋಡಬೇಕಾಗಿತ್ತು. ಮೊಣಕಾಲು ಹಿಡದಾವ, ಮೂರು ಮಹಡಿ ಹತ್ತಾಕ ಆಗಂಗಿಲ್ಲ. ಇರ್ಲಿ, ನೀ ಅಂದ್ರ ಮನಿ ಮಗಳು," ಎಂದರು. ನಾಲ್ಕು ದಿನಕ್ಕೆ ಪಾಲಿಸಿ ಬಂತು. ಗೋಡೆಗೆ ಇತ್ತು, ಸಾಮಾನಿಗೆ ಇತ್ತು, ಬಾಡಿಗೆಗೆ ಇತ್ತು. ಅದನ್ನು ಕಪಾಟಿನಲ್ಲಿಟ್ಟು, ಚಳಿಗಾಲದೊಳಗೆ ಗಾಜು ತೆಗೆಸಿದರಾಯಿತು ಎಂದುಕೊಂಡೆ.

ಹುಡುಗಿ ಬಾಗಲಕೋಟೆ ಕಡೆಯವಳು. ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಲೋಹದ ತುಂಡುಗಳನ್ನು ಪರೀಕ್ಷೆ ಮಾಡುವ ಕೆಲಸ. ಜೊತೆಗೆ ಅದೇ ಕಾರ್ಖಾನೆಯ ಒಬ್ಬ ಗೆಳತಿ ಇದ್ದಳು. ಹುಡುಗಿಯನ್ನು ಬಿಡಲು ಅವಳ ಅಪ್ಪ ಬಂದಿದ್ದರು, ಹೈಸ್ಕೂಲಿನಲ್ಲಿ ಕ್ಲಾರ್ಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು ನಮಗೂ ಒಂದು ಪಾಲು ಕೊಟ್ಟರು. ಕನ್ನಡದವರ ಮನೆ ಸಿಕ್ಕಿತು, ಇನ್ನು ನನಗೆ ನಿದ್ದೆ ಹತ್ತುತ್ತದೆ ಎಂದು ಹೇಳಿ ಹೋದರು. ಹುಡುಗಿ ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದಳು. ಡಿಸೆಂಬರಿನಲ್ಲಿ ಒಂದು ದಿನ, "ಅಕ್ಕಾ, ಜಳಕ ಮಾಡಿ ಬಂದ್ರ ತಲಿ ಭಾಳ ನೋಯ್ತದ," ಎಂದಳು.

ಈಗಲೂ ಆ ಮಾತು ನೆನಪಾದರೆ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಒದ್ದೆ ಕೂದಲಲ್ಲಿ ಹೊರಗೆ ಹೋಗಬೇಡ, ಬೆಳಿಗ್ಗೆ ಏನಾದರೂ ತಿಂದು ಹೋಗು ಎಂದು ಬುದ್ಧಿ ಹೇಳಿ ಫೋನ್ ಇಟ್ಟೆ. ಗಾಜು ನನ್ನ ತಲೆಗೆ ಬರಲಿಲ್ಲ ಎಂದು ಬರೆಯಬೇಕೆಂದಿದ್ದೆ... ಬಂದಿತ್ತು. ಸಂಕ್ರಾಂತಿ ಮುಗಿಯಲಿ ಎಂದುಕೊಂಡಿದ್ದೆ.

ಸಂಕ್ರಾಂತಿಯ ಮುನ್ನಾದಿನ, ಭೋಗಿ ಹಬ್ಬಕ್ಕೆಂದು, ಗೆಳತಿ ಊರಿಗೆ ಹೋಗಿದ್ದಳು. ಹುಡುಗಿಗೆ ರಜೆ ಸಿಕ್ಕಿರಲಿಲ್ಲ, ಮಧ್ಯಾಹ್ನದ ಪಾಳಿ ಇತ್ತು. ಅವರ ಮನೆಯ ಪದ್ಧತಿಯಂತೆ ಅರೆದ ಎಳ್ಳು ಮೈಗೆ ಹಚ್ಚಿಕೊಂಡು ತಲೆಸ್ನಾನಕ್ಕೆ ಹೋಗಿದ್ದಳು. ಎಳ್ಳು ಬೇಗ ಹೋಗುವುದಿಲ್ಲ, ಬಿಸಿನೀರು ಬಹಳ ಬೇಕು. ಹತ್ತು ಗಂಟೆಗೆ ಪಕ್ಕದ ಮನೆಯ ಮರಾಠಿ ಹೆಂಗಸು ಫೋನ್ ಮಾಡಿದಳು. ಬಾಗಿಲ ಕೆಳಗಿನಿಂದ ನೀರು ಹರಿದು ಮೆಟ್ಟಿಲಿಗೆ ಬರುತ್ತಿದೆ, ಕರೆದರೆ ಉತ್ತರವಿಲ್ಲ ಎಂದಳು. "ತಾಈ, ಲವಕರ ಯಾ," ಎಂದಳು. ಬೇಗ ಬನ್ನಿ ಎಂದು. ನಾನು ಬೇಗ ಹೋದೆ. ನಾನು ಹೋಗುವಷ್ಟರಲ್ಲಿ ಬಾಗಿಲು ಒಡೆದು ಅವಳನ್ನು ಆಸ್ಪತ್ರೆಗೆ ಒಯ್ದಿದ್ದರು. ಅಲ್ಲಿ ಅವರಿಗೆ ಮಾಡಲು ಏನೂ ಉಳಿದಿರಲಿಲ್ಲ.

ನನ್ನ ಗಂಡ ಫೋನ್ ಮಾಡಿದ್ದಕ್ಕೆ ಕಾಕಾ ಬಂದರು. ಕುಂಟುತ್ತಲೇ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಇಡೀ ದಿನ ಕೂತರು. ಸಂಜೆಗೆ ಹುಡುಗಿಯ ಅಪ್ಪ ಬಂದರು. ಬಚ್ಚಲಿಗೆ ಕಿಟಕಿ ಇರಲಿಲ್ಲವೇ ಎಂದು ಅವರು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಕಾಕಾ ಹೇಳಿದರು. ಗವಾಕ್ಷಿಗೆ ಗಾಜು ಇತ್ತು, ತೆಗೆಸಲು ಹೇಳಿದವನೇ ನಾನು, ಇವರು ತೆಗೆಸಿದ್ದರು, ಚಳಿಗೆಂದು ಮಕ್ಕಳೇ ಮತ್ತೆ ಮುಚ್ಚಿಕೊಂಡಿರಬೇಕು ಎಂದರು. ನನ್ನನ್ನು ಕಾಪಾಡಬೇಕೆಂದು ಹೇಳಿದ್ದಲ್ಲ. ಅವರು ಅದನ್ನು ನಿಜವೆಂದೇ ತಿಳಿದಿದ್ದರು.

ಅಪ್ಪ ನನ್ನ ಕಡೆ ತಿರುಗಿ, "ಥಂಡಿಗೆ ಅಂಜೋ ಹುಡುಗಿ ಅಲ್ಲರೀ ಅಕಿ. ಯಾಕ ಮುಚ್ಚಿಕೊಂಡ್ಲು?" ಎಂದು ಕೇಳಿದರು. ನಾನು ಅವರ ಕೈಯ ಚೀಲ ತೆಗೆದುಕೊಂಡು ಬೆಂಚಿನ ಮೇಲಿಟ್ಟೆ. ಪೊಲೀಸರಿಗೂ ಅದೇ ಹೇಳಿದ್ದಾಯಿತು, ಅವರೂ ಅದೇ ಬರೆದುಕೊಂಡರು. ಗೆಳತಿ ಊರಿನಿಂದ ಮರಳಲಿಲ್ಲ, ಅವಳನ್ನು ಯಾರೂ ಕೇಳಲೂ ಇಲ್ಲ. ಸತ್ತವಳ ತಪ್ಪೆಂದು ಕಾಗದದ ಮೇಲೆ ನಿಂತಿತು. ಗೋಡೆಗೆ ಒಂದು ಕಲೆಯೂ ಬಿದ್ದಿರಲಿಲ್ಲ, ಗೀಝರಿಗೆ ಏನೂ ಆಗಿರಲಿಲ್ಲ, ಮನೆ ಇರಲು ಬಾರದಂತೆಯೂ ಆಗಿರಲಿಲ್ಲ. ನಾವು ಆರಿಸಿಕೊಂಡ ಮೂರು ಪುಟಗಳಲ್ಲಿ ಆ ಹುಡುಗಿಗೆ ಸಂಬಂಧಪಟ್ಟ ಒಂದು ಸಾಲೂ ಇರಲಿಲ್ಲ. ಅಪ್ಪ ದುಡ್ಡಿನ ಮಾತು ಎತ್ತಲೂ ಇಲ್ಲ. ಹೋಗುವಾಗಲೂ ಅದೇ ಪ್ರಶ್ನೆ ಕೇಳುತ್ತ ಹೋದರು.

ಹುಡುಗಿಯ ಸಾಮಾನು ಕಟ್ಟಿ ಕಳಿಸಲು ಎರಡು ವಾರದ ಮೇಲೆ ನಾನು ಮತ್ತು ಕಾಕಾ ಫ್ಲ್ಯಾಟಿಗೆ ಹೋದೆವು. ಅವರು ಮೂರು ಮಹಡಿಯನ್ನು ಗೋಡೆ ಹಿಡಿದು ಹತ್ತಿದರು. ನೇರ ಬಚ್ಚಲಿಗೆ ಹೋಗಿ ಬ್ಯಾಟರಿ ಹಾಕಿ ಮೇಲೆ ನೋಡಿದರು. ತುಂಬ ಹೊತ್ತು ಬೆಳಕು ಅಲ್ಲೇ ನಿಂತಿತ್ತು. ಆಮೇಲೆ ಹೊರಗೆ ಬಂದು, "ಗಾಜಿನಂವನ್ನ ಈಗ ಕರಿ. ತೆಗಿಯೂ ತನಕ ನಾ ಇಲ್ಲೇ ಕೂಡ್ತೀನಿ," ಎಂದರು.

ಬೇಸಿಗೆಯಿಂದ ಬಾರದಿದ್ದವನು ಅವತ್ತು ಅರ್ಧ ಗಂಟೆಯಲ್ಲಿ ಬಂದ. ಸ್ಟೂಲು ಹತ್ತಿ, ಉಳಿ ಹಾಕಿ, ಬಣ್ಣವನ್ನು ಸುತ್ತಲೂ ಸೀಳಬೇಕಾಯಿತು. "ಹೇ ಕಧೀ ಕಾಢಲಂಚ ನಾಹೀ," ಎಂದು ತನ್ನಷ್ಟಕ್ಕೆ ಗೊಣಗಿದ. ಇದನ್ನು ಯಾವತ್ತೂ ತೆಗೆದೇ ಇಲ್ಲ ಎಂದು. ನಾನು ಕೇಳಿಸಿಕೊಂಡೆ. ಕಾಕಾ ಕೂಡ ಕೇಳಿಸಿಕೊಂಡರು. ನಾನು ಹುಡುಗಿಯ ಬಟ್ಟೆ ಮಡಚುತ್ತಲೇ ಇದ್ದೆ, ತಲೆ ಎತ್ತಲಿಲ್ಲ. ಗಾಜು ಕೆಳಗಿಳಿಯಿತು, ತಣ್ಣಗಿನ ಗಾಳಿ ಒಳಗೆ ಬಂತು. ಕಾಕಾ ಬ್ಯಾಟರಿಯನ್ನು ಚೀಲಕ್ಕೆ ಹಾಕಿಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಹೋದರು.

ಆಮೇಲೆ ಅವರು ನಮ್ಮ ಮನೆಗೆ ಬರಲಿಲ್ಲ. ಮುಂದಿನ ಸಲ ಪಾಲಿಸಿ ನವೀಕರಿಸಲು ಬೇರೆ ಏಜೆಂಟನ ನಂಬರು ಕಳಿಸಿದರು. ನಾನು ಗ್ಯಾಸ್ ಗೀಝರ್ ತೆಗೆಸಿ ಕರೆಂಟಿನದು ಹಾಕಿಸಿದೆ, ನಾಲ್ಕನೆಯ ಪುಟವನ್ನೂ ತುಂಬಿಸಿದೆ. ಹೊಸ ಏಜೆಂಟ ಯಾವ ಕೋಣೆಗೂ ಹೋಗಲಿಲ್ಲ, ಮೊಬೈಲಿನಲ್ಲೇ ಒತ್ತಿ ಒತ್ತಿ ಮುಗಿಸಿದ.

ಇಷ್ಟಕ್ಕೇ ನಿಲ್ಲಲಿಲ್ಲ. ಆ ಕಾಕಾ ಬಾಯಿಂದ ಆಡಿದ್ದೇ ಆಯಿತು ಎಂದು ಅತ್ತೆ ಕಂಡಕಂಡವರಿಗೆಲ್ಲ ಹೇಳಿದರು. ನಮ್ಮವರಲ್ಲಿ ಇಂಥ ಮಾತು ಬೇಗ ಹಬ್ಬುತ್ತದೆ. ಕಾಕಾನ ನಾಲಗೆ ಕೆಟ್ಟದ್ದು, ಅವರು ಕಾಲಿಟ್ಟ ಮನೆಯಲ್ಲಿ ಹೆಣ ಬೀಳುತ್ತದೆ ಎನ್ನುವವರೆಗೂ ಹೋಯಿತು. ಒಬ್ಬೊಬ್ಬರೇ ಅವರನ್ನು ಕರೆಯುವುದನ್ನು ಬಿಟ್ಟರು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ಆ ಒಂದು ಮಾತು ಆಡಿದರೆ ಉಳಿದದ್ದೆಲ್ಲ ಹೊರಬೀಳುತ್ತಿತ್ತು. ಅದಕ್ಕೆ ಆಡಲಿಲ್ಲ. ಒಂದು ಮದುವೆಯಲ್ಲಿ ಅವರು ದೂರದಿಂದ ಕೈ ಮುಗಿದರು. ಎದ್ದು ಹತ್ತಿರ ಹೋಗಬೇಕೆಂದುಕೊಳ್ಳುವಷ್ಟರಲ್ಲಿ ನನ್ನ ಪಂಕ್ತಿಗೆ ಎಲೆ ಹಾಕಿದರು... ನಾನು ಊಟಕ್ಕೆ ಕೂತೆ.

ಹೋದ ತಿಂಗಳು ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ ಬಂತು, ಹಾರ ಹಾಕಿದ್ದು. ಸಾವಿನ ಮನೆಯವರನ್ನು ಮಾತಾಡಿಸಲು ಹೋಗಿ ಬಂದೆ. ಏನು ಹೇಳಿದೆನೋ, ಏನು ಕೇಳಿದೆನೋ ನೆನಪಿಲ್ಲ. ಮೊನ್ನೆ ಎದುರು ಮನೆಯವರು ಬಲೆ ಕಟ್ಟಿಸಿದ ಮೇಲೆ ಎರಡು ದಿನ ಆ ಕಡೆಯ ಬಾಗಿಲು ತೆಗೆಯಲಿಲ್ಲ. ಇವತ್ತು ಬೆಳಿಗ್ಗೆ ಹುಡುಗಿಯ ಅಪ್ಪನ ನಂಬರು ಹುಡುಕಿ ತೆಗೆದೆ. ಅದೇ ನಂಬರು ಇತ್ತು. ಹೆಸರು ಹೇಳಿ, ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿಬಿಟ್ಟೆ. ಗಾಜನ್ನು ನಿಮ್ಮ ಮಗಳು ಮುಚ್ಚಿಕೊಂಡಿದ್ದಲ್ಲ, ಅದನ್ನು ನಾನು ತೆಗೆಸಿರಲೇ ಇಲ್ಲ, ತೆಗೆಸಿದ್ದೇನೆಂದು ಕಾಕಾನಿಗೆ ನಾನೇ ಸುಳ್ಳು ಹೇಳಿದ್ದೆ ಎಂದೆ.

ಆ ಕಡೆ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು.

"ಗೊತ್ತದರೀ ಅಕ್ಕಾರ," ಎಂದರು ಕೊನೆಗೆ. "ಆ ವಿಮೆ ಹಿರ್ಯಾರು, ಸಾಮಾನು ಬಂದ ವಾರದಾಗ ನಮ್ಮೂರಿಗೆ ಬಂದಿದ್ರು. ಕಾಲು ಎಳಕೋತ ಬಂದು, ಅಕಿ ಅವ್ವನ ಮುಂದ ಕೂತು, ನನ್ನ ಮಾತು ತಪ್ಪಿತ್ತು, ನಿಮ್ಮ ಮಗಳು ಗಾಜು ಮುಚ್ಚಿಲ್ಲ ಅಂತ ಕೈ ಮುಗದ್ರು. ನಿಮ್ಮ ಮ್ಯಾಲ ನಮಗ ಭಾಳ ಸಿಟ್ಟು ಬಂದಿತ್ತು. ಹಿರ್ಯಾರ ತಡದ್ರು. ನೀವು ಏನೂ ಮಾಡಬ್ಯಾಡ್ರಿ, ಆ ತಂಗಿ ತಾನ ಫೋನ್ ಮಾಡಿ ಹೇಳ್ತಾಳ, ಅಕಿ ಅಂಥಾಕಿ ಅಲ್ಲ ಅಂದ್ರು."

ಕಾಕಾ ನನ್ನನ್ನು ತೊರೆದರೆಂದು ಇಷ್ಟು ವರ್ಷ ತಿಳಿದಿದ್ದೆ. ಅವರು ನನ್ನ ಈ ಫೋನಿಗೆ ಕಾಯುತ್ತಿದ್ದರು. ಅವರು ಹೋಗಿ ಒಂದು ತಿಂಗಳ ಮೇಲೆ ನಾನು ಅದನ್ನು ಮಾಡಿದ್ದೆ. ಹುಡುಗಿಯ ಅವ್ವನಿಗೆ ಫೋನ್ ಕೊಡುತ್ತೀರಾ, ಅವರಿಗೂ ನಾನೇ ಹೇಳುತ್ತೇನೆ ಎಂದು ಕೇಳಿದೆ.

"ಅಕಿ ಇಲ್ಲೇ ಕೂತಾಳ್ರಿ," ಎಂದರು ಅವರು. "ಮೊದಲನೇ ವರ್ಷ ನಿಮ್ಮ ಫೋನಿನ ದಾರಿ ಭಾಳ ಕಾದ್ಲು. ಈಗ ಬ್ಯಾಡ ಅಂತ ಕೈ ಮಾಡಾಕತ್ಯಾಳ."